ಒಡೆಯನಿಲ್ಲದ ಹೋಟೆಲು ಸರಪಳಿ

ಹೊಸಪೇಟೆಯಲ್ಲಿ ಐವತ್ತು ದಾಟಿದವರನ್ನು ಹಳೆಯ ಹೋಟೆಲುಗಳ ಬಗ್ಗೆ ಕೇಳಿದರೆ ಮೊದಲು ಜಾಗ ಹೇಳುತ್ತಾರೆ, ತಿಂಡಿಯ ಮಾತು ಆಮೇಲೆ. ಬಸ್ ಸ್ಟ್ಯಾಂಡಿನ ಎದುರಿನದು, ಸ್ಟೇಷನ್ ರಸ್ತೆಯದು, ಟಿ.ಬಿ. ಡ್ಯಾಮಿಗೆ ಹೋಗುವ ದಾರಿಯದು ಎಂದು ಬೆರಳು ಮಡಚುತ್ತಾರೆ. ಫಲಕದ ಮೇಲಿನ ಹೆಸರುಗಳು ಬರುವುದು ಅದರ ಹಿಂದೆ: ಉಡುಪಿ ಶ್ರೀಕೃಷ್ಣ ಭವನ, ಶಾನಭಾಗ, ಕಾಮತ್. ಈ ಮೂರೂ ಹೆಸರುಗಳು ಕರಾವಳಿಯವು. ಜೋಳದ ರೊಟ್ಟಿ, ಪುಂಡಿ ಪಲ್ಲೆ, ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಸೀಮೆಯಲ್ಲಿ ನೂರಾರು ಕಿಲೋಮೀಟರು ಆಚೆಯ ಸಮುದ್ರ ತೀರದವರು ಇಡ್ಲಿ ಬೇಯಿಸಲು ಕೂತಿದ್ದು ಹೇಗೆ ಎಂಬ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ. ಆ ಹೋಟೆಲುಗಳು ಊರಿನ ಬಂಡೆಗಳಷ್ಟೇ ಹಳೆಯವು ಎಂಬಂತೆ ಒಪ್ಪಿಕೊಂಡು ಬಿಟ್ಟಿದ್ದೇವೆ.

ರಸ್ತೆ ಬದಿಯ ಹೋಟೆಲು ಸರಪಳಿ ಎಂದರೆ ಇಂದಿನವರ ಕಣ್ಣಿಗೆ ಬರುವುದು ಒಂದು ಕಂಪನಿ, ಒಂದು ಬಣ್ಣ, ಒಂದೇ ಅಳತೆಯ ತಟ್ಟೆ. ಕರ್ನಾಟಕದ ಅತಿ ದೊಡ್ಡ ಸರಪಳಿಗೆ ಇದಾವುದೂ ಇರಲಿಲ್ಲ. ಉಡುಪಿ ಹೋಟೆಲಿಗೆ ಮುಖ್ಯ ಕಚೇರಿ ಇಲ್ಲ, ಮಾಲೀಕ ಮಂಡಳಿ ಇಲ್ಲ, ಹೆಸರಿನ ಮೇಲೆ ಯಾರ ಹಕ್ಕೂ ಇಲ್ಲ. ಕಾಮತ್ ಎಂಬ ಫಲಕವೂ ಒಂದೇ ಮನೆತನದ್ದಲ್ಲ. ಆದರೂ ಹುಬ್ಬಳ್ಳಿಯಲ್ಲಿ ಇಳಿದವನಿಗೂ ಮುಂಬೈಯ ಮಾಟುಂಗದಲ್ಲಿ ಇಳಿದವನಿಗೂ ಒಳಗೆ ಏನು ಸಿಗುತ್ತದೆ ಎಂದು ಗೊತ್ತಿರುತ್ತಿತ್ತು. ಕೂತ ತಕ್ಷಣ ನೀರು, ನೀರಿನ ಹಿಂದೆಯೇ ಒಂದೇ ಉಸಿರಿನಲ್ಲಿ ತಿಂಡಿಗಳ ಪಟ್ಟಿ ಒಪ್ಪಿಸುವ ಮಾಣಿ, ಗಲ್ಲಾದ ಹಿಂದೆ ಕೃಷ್ಣನ ಪಟ, ಗೋಡೆಯ ಮೇಲೆ ರಾಜಕೀಯ ಮಾತಾಡಬಾರದೆಂಬ ಬರಹ.

ಇದರ ಆರಂಭವನ್ನು ಹುಡುಕಿದರೆ ಸಿಗುವುದು ಕರಾವಳಿಯ ಬಡತನ. ಮಠಗಳಲ್ಲಿ ಮತ್ತು ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಪಳಗಿದ ಕೈಗಳಿದ್ದವು, ಅಷ್ಟೂ ಜನರಿಗೆ ಊರಲ್ಲಿ ಅನ್ನ ಇರಲಿಲ್ಲ. 1923ರ ಮಳೆಗಾಲದಲ್ಲಿ ದಕ್ಷಿಣ ಕನ್ನಡ ಕಂಡ ದೊಡ್ಡ ನೆರೆ ಎಷ್ಟೋ ಮನೆಗಳನ್ನು ಕೊಚ್ಚಿತು, ಹೊಟ್ಟೆಪಾಡಿಗೆ ಘಟ್ಟ ಹತ್ತುವವರು ಹೆಚ್ಚಿದರು. 1924ರಲ್ಲಿ ಬೆಂಗಳೂರಿನಲ್ಲಿ ಮಯ್ಯ ಸೋದರರ ಹೋಟೆಲು ಶುರುವಾಯಿತು, ಮುಂದೆ ಅದೇ ಎಂ.ಟಿ.ಆರ್. ಆಯಿತು. ಕಡಂದಲೆಯ ಕೃಷ್ಣರಾವ್ ಎಂಬ ಹುಡುಗ ಮದರಾಸಿಗೆ ಹೋಗಿ ಹೋಟೆಲಿನ ಅಡುಗೆ ಮನೆಯಲ್ಲಿ ಚಾಕರಿ ಮಾಡಿ, ಕೊನೆಗೆ ಮೌಂಟ್ ರಸ್ತೆಯಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆದರು. 1938ರಲ್ಲಿ ಅವರದೇ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಕಾರಿನಲ್ಲೇ ಕೂತು ದೋಸೆ ತಿನ್ನುವ ಡ್ರೈವ್ ಇನ್ ಬಂತು. ಅದು 2008ರಲ್ಲಿ ಬಾಗಿಲು ಹಾಕಿದಾಗ ಮದರಾಸಿನವರು ಮನೆಯವರನ್ನು ಕಳೆದುಕೊಂಡಂತೆ ನೊಂದುಕೊಂಡರು.

ಮದರಾಸು ಎಂದೊಡನೆ ನಮ್ಮ ಊರಿನ ಹಳೆಯ ಗುರುತೊಂದು ನೆನಪಾಗಬೇಕು. 1953ರ ಅಕ್ಟೋಬರ್ 1ರವರೆಗೆ ಹೊಸಪೇಟೆ ಇದ್ದದ್ದು ಮದರಾಸು ರಾಜ್ಯದಲ್ಲಿ. ದಕ್ಷಿಣ ಕನ್ನಡವೂ ಅದೇ ರಾಜ್ಯದ ಜಿಲ್ಲೆ. ಉಡುಪಿಯಿಂದ ಹೊಸಪೇಟೆಗೆ ಬಂದವನು ಮೈಸೂರು ಸಂಸ್ಥಾನವನ್ನು ದಾಟಿ ಬರುತ್ತಿದ್ದರೂ ಕೊನೆಗೆ ತಲುಪುತ್ತಿದ್ದುದು ತನ್ನದೇ ಸರ್ಕಾರದ ನೆಲವನ್ನು. ತುಂಗಭದ್ರೆಯ ಆಚೆಗಿನ ಗಂಗಾವತಿ, ಕೊಪ್ಪಳ ನಿಜಾಮರ ಸೀಮೆ. ಪಕ್ಕದ ಸಂಡೂರು ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ. ಗದಗ, ಹುಬ್ಬಳ್ಳಿ ಮುಂಬೈ ಪ್ರಾಂತ. ಇಷ್ಟೆಲ್ಲ ಗಡಿಗಳು ಕೂಡುವ ಊರಿನಲ್ಲಿ ಹಗಲೂ ರಾತ್ರಿಯೂ ಯಾರಾದರೂ ಗಾಡಿ ಬದಲಿಸುತ್ತಲೇ ಇರುತ್ತಾರೆ, ಗಾಡಿ ಬದಲಿಸುವವನಿಗೆ ಹಸಿವೂ ಇರುತ್ತದೆ.

ರಸ್ತೆಗಳನ್ನು ನೋಡಿ. ಹೊಸಪೇಟೆಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಸಂಧಿಸುತ್ತಿದ್ದವು. 13ನೇ ಸಂಖ್ಯೆಯದು ಸೋಲಾಪುರದಿಂದ ಹೊರಟು ಚಿತ್ರದುರ್ಗ, ಶಿವಮೊಗ್ಗದ ಮೇಲೆ ಮಂಗಳೂರಿಗೆ ಇಳಿಯುತ್ತಿತ್ತು. 63ನೆಯದು ಗುತ್ತಿಯಿಂದ ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ ದಾಟಿ ಅಂಕೋಲೆಗೆ. ಒಂದರ ತುದಿ ದಕ್ಷಿಣ ಕನ್ನಡ, ಇನ್ನೊಂದರ ತುದಿ ಕಾಮತರ, ಶಾನಭಾಗರ ಉತ್ತರ ಕನ್ನಡ. ಹೆದ್ದಾರಿಗಳಿಗೆ ಸಂಖ್ಯೆ ಬೀಳುವ ಮೊದಲೇ ಹೋಟೆಲಿನವರು ಬಂದಿದ್ದರು, ಆ ಮಾತು ಬೇರೆ. ಆದರೆ ಎರಡೂ ದಾರಿಗಳು ಕಡಲಿನಿಂದ ಬಂದು ಇಲ್ಲಿ ಕೂಡುವುದನ್ನು ನಕ್ಷೆಯಲ್ಲಿ ಕಂಡಾಗ ಹೊಸಪೇಟೆಯ ಬೀದಿಯ ಫಲಕಗಳು ನನಗೆ ಸರಿಯಾಗಿ ಅರ್ಥವಾದವು. 2010ರ ಮರುಸಂಖ್ಯೆಯ ನಂತರ ಹೊಸಪೇಟೆಯಲ್ಲಿ ಕೂಡುವ ಭಾಗಗಳು 50 ಮತ್ತು 67 ಆಗಿವೆ.

ಊರಿನ ಗತಿ ಬದಲಿಸಿದ್ದು ಅಣೆಕಟ್ಟು. 1945ರ ಫೆಬ್ರವರಿ 28ರಂದು ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳು ತುಂಗಭದ್ರೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಹರಿಯುವವರೆಗೂ ಹೊಸಪೇಟೆಯ ಪಕ್ಕದಲ್ಲಿ ಒಂದು ಹೊಸ ಊರೇ ಬೆಳೆಯುತ್ತಿತ್ತು. ಎಂಜಿನಿಯರು, ಗುಮಾಸ್ತ, ಮೇಸ್ತ್ರಿ, ಕಲ್ಲು ಕಡಿಯುವವರು, ತಮಿಳು ಮತ್ತು ತೆಲುಗು ಜಿಲ್ಲೆಗಳಿಂದ ಬಂದವರು. ಮನೆ ಊರಲ್ಲಿ ಬಿಟ್ಟು ಬಂದ ಗುಮಾಸ್ತನಿಗೆ ಬೆಳಿಗ್ಗೆ ಕಾಫಿ ಬೇಕು, ತಿಂಗಳ ಲೆಕ್ಕದಲ್ಲಿ ಊಟ ಬೇಕು. ಅಣೆಕಟ್ಟಿನ ನೀರು ಅಕ್ಕಿಯನ್ನೂ ತಂದಿತು. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ, ತುರ್ತಾ ಕಾಲುವೆಗಳ ಕೆಳಗೆ ಹೊಸಪೇಟೆ ಸುತ್ತಲೂ, ಹಳೆಯ ಕಾಲುವೆಗಳ ಕೆಳಗೇ ಕಂಪ್ಲಿ ಕಡೆಯೂ ಭತ್ತ, ಬಾಳೆ, ಕಬ್ಬು ಮೊದಲೇ ಇತ್ತು. ಈಗ ಗಂಗಾವತಿ, ಸಿರುಗುಪ್ಪದ ಜೋಳದ ಹೊಲಗಳೂ ಗದ್ದೆಗಳಾದವು. ಇಡ್ಲಿ ದೋಸೆಗೆ ಬೇಕಾದ ಅಕ್ಕಿ ಎತ್ತಿನ ಗಾಡಿ ತಲುಪುವ ದೂರದಲ್ಲೇ ಬೆಳೆಯತೊಡಗಿತು.

ಒಳಗಿನ ದುಡಿಮೆಯ ಕ್ರಮ ತಿಳಿದರೆ ಆ ರುಚಿ ಎಲ್ಲ ಕಡೆ ಒಂದೇ ಆಗಿದ್ದಕ್ಕೆ ಕಾರಣ ಸಿಗುತ್ತದೆ. ರುಬ್ಬುವ ಯಂತ್ರ ಬರುವ ಮೊದಲು ಎಲ್ಲವೂ ಒರಳಿನ ಮೇಲೆ ನಿಂತಿತ್ತು. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅಕ್ಕಿ, ಉದ್ದು ನೆನೆಸಿ, ಸಂಜೆ ರುಬ್ಬಿ, ರಾತ್ರಿ ಹುದುಗಲು ಬಿಟ್ಟು, ಕೋಳಿ ಕೂಗುವ ಮೊದಲೇ ಒಲೆ ಹಚ್ಚಬೇಕು. ಮೊದಲ ಬಸ್ಸಿನ ಹೊತ್ತಿಗೆ ಇಡ್ಲಿಯ ಹಬೆ ಏಳಬೇಕು. ರುಬ್ಬುವವ, ಹಿಟ್ಟು ಹದ ಮಾಡುವವ, ದೋಸೆ ಕಲ್ಲಿನ ಮುಂದೆ ನಿಲ್ಲುವವ, ಸಪ್ಲೈಯರು, ಕ್ಲೀನರು, ಗಲ್ಲಾದಲ್ಲಿ ಕೂರುವವರು ಎಂದು ಮೆಟ್ಟಿಲುಗಳಿದ್ದವು. ಕ್ಲೀನರಾಗಿ ಸೇರಿದ ಹುಡುಗ ಒಂದೊಂದೇ ಮೆಟ್ಟಿಲು ಏರಿ, ಎಲ್ಲ ಕೆಲಸ ಕಲಿತು, ಪಕ್ಕದ ಊರಿನಲ್ಲಿ ತನ್ನದೇ ಹೋಟೆಲು ಹಾಕುತ್ತಿದ್ದ. ಹಾಕುವಾಗ ಊರಿನಿಂದ ತಮ್ಮನನ್ನೋ ಅಕ್ಕನ ಮಗನನ್ನೋ ಕರೆಸುತ್ತಿದ್ದ. ಸರಪಳಿಯ ಕೊಂಡಿಗಳು ಬೆಳೆದದ್ದು ಹೀಗೆ, ಒಬ್ಬ ಹುಡುಗನಿಂದ ಇನ್ನೊಬ್ಬ ಹುಡುಗನಿಗೆ.

ತಿಂಡಿ ಬಂದಂತೆಯೇ ಉಳಿಯಲಿಲ್ಲ. ಬೆಲ್ಲ ಬಿದ್ದ ಕರಾವಳಿಯ ಸಾಂಬಾರು ಬಯಲುಸೀಮೆಯ ನಾಲಿಗೆಗೆ ಸಪ್ಪೆ, ಖಾರ ಏರಿಸಬೇಕಾಯಿತು. ಮಠದ ಅಡುಗೆಗೆ ನಿಷಿದ್ಧವಾದ ಈರುಳ್ಳಿ ಪಲ್ಯದೊಳಗೆ ಬಂತು. ಇತ್ತ ಬನ್ಸ್, ಗೋಳಿಬಜೆ ನಮ್ಮವೂ ಆದವು. ಖಾನಾವಳಿಗಳು ರೊಟ್ಟಿ ಬಡಿಯುತ್ತಲೇ ಇದ್ದವು, ಸಂಜೆಯ ಮಂಡಕ್ಕಿ ಮಿರ್ಚಿಯ ಬಂಡಿಗಳೂ ಎಲ್ಲಿಗೂ ಹೋಗಲಿಲ್ಲ.

ಹಳೆಯ ಹೋಟೆಲಿನ ನೆನಪಿನಲ್ಲಿ ಗಂಡಸರು ಅಷ್ಟಾಗಿ ಹೇಳದ ಒಂದು ಜಾಗವಿದೆ. ಫ್ಯಾಮಿಲಿ ರೂಮು. ಹಿಂಭಾಗದಲ್ಲಿ ಮರದ ಅಡ್ಡಗೋಡೆ, ಅರ್ಧ ಬಾಗಿಲು, ಒಳಗೆ ನಾಲ್ಕು ಕುರ್ಚಿ. ಸಂತೆಗೆ, ಆಸ್ಪತ್ರೆಗೆ, ಹಂಪಿಯ ತೇರಿಗೆ ಬಂದ ಹೆಂಗಸರು ಮನೆಯ ಹೊರಗೆ, ತಾವು ಬೇಯಿಸದ ಅನ್ನವನ್ನು ಕೂತು ಉಂಡ ಮೊದಲ ಜಾಗ ಅದು. ಆ ಅಡ್ಡಗೋಡೆಯನ್ನು ಇಂದು ಕಂಡರೆ ಉಸಿರು ಕಟ್ಟುತ್ತದೆ. ಆದರೆ ಅದೂ ಇಲ್ಲದ ಕಾಲದಲ್ಲಿ ಬಸ್ಸಿನಿಂದ ಇಳಿದ ಹೆಂಗಸು ಬುತ್ತಿ ಬಿಚ್ಚಿಕೊಂಡು ಮರದ ನೆರಳಿನಲ್ಲಿ ಕೂರಬೇಕಿತ್ತು. ನನ್ನ ಮಟ್ಟಿಗೆ ಉಡುಪಿ ಹೋಟೆಲಿನ ದೊಡ್ಡ ಕೊಡುಗೆ ಮಸಾಲೆ ದೋಸೆಗಿಂತ ಈ ನಾಲ್ಕು ಕುರ್ಚಿಗಳೇ.

ಇನ್ನೊಂದು ಅಡ್ಡಗೋಡೆಯನ್ನು ಮಾತ್ರ ಯಾವ ನೆನಪೂ ಮುಚ್ಚಬಾರದು. ಆರಂಭದ ದಶಕಗಳಲ್ಲಿ ಇಂಥ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇತ್ತು, ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಬಾಗಿಲ ಹೊರಗೆ ಬೇರೆ ಲೋಟ. ಪಕ್ಕದ ಸಂಡೂರಿನಲ್ಲಿ 1932ರಲ್ಲೇ ಅರಸರು ಕುಮಾರಸ್ವಾಮಿ ದೇವಸ್ಥಾನವನ್ನು ಎಲ್ಲರಿಗೂ ತೆರೆದರು. ಕಾಫಿ ಹೋಟೆಲಿನ ಬಾಗಿಲು ತೆರೆಯಲು ಇನ್ನೂ ಕಾಯಬೇಕಾಯಿತು. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿಯೇ ಬರೆದಿದ್ದಾರೆ. ದೇಶದ ಮೂಲ ಕಾನೂನಿನಲ್ಲಿ ಹೋಟೆಲಿನ ಹೆಸರು ಬರಬೇಕಾದಷ್ಟು ದೊಡ್ಡ ಗಾಯ ಅದು. 1955ರ ಅಸ್ಪೃಶ್ಯತಾ ಕಾಯ್ದೆಯ ಮೇಲೆ ಹೊರಗಿನ ಲೋಟ ಅಪರಾಧವಾಯಿತು. ಅದು ಅಭ್ಯಾಸದಿಂದ ಹೋಗಲು ಮತ್ತೂ ವರ್ಷಗಳು ಹಿಡಿದವು, ಹಳ್ಳಿಗಳ ಚಹಾದಂಗಡಿಗಳಲ್ಲಿ ಇಂದಿಗೂ ಅಲ್ಲಲ್ಲಿ ಸುದ್ದಿಯಾಗುತ್ತದೆ. ಹಳೆಯ ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು ಎಂದು ಯಾರಾದರೂ ಹಾಡಿ ಹೊಗಳಿದರೆ, ಯಾವ ವರ್ಷದ ಮಾತು ಎಂದು ಕೇಳಬೇಕು.

1974 ಈ ಕತೆಗೆ ಮತ್ತೊಂದು ತಿರುವು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ. ಗೇಣಿ ಪದ್ಧತಿ ಬೇರುಬಿಟ್ಟಿದ್ದ ಕರಾವಳಿಯಲ್ಲಿ ಅದರ ಹೊಡೆತ ಜೋರು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಮನೆಗಳ ಹುಡುಗರು ಘಟ್ಟ ಹತ್ತಿದರು. ಎಷ್ಟೋ ತಲೆಮಾರು ಬೇರೆಯವರ ಗದ್ದೆ ಉತ್ತವನಿಗೆ ನೆಲ ಸಿಕ್ಕಿದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಅದೇ ನ್ಯಾಯದ ಇನ್ನೊಂದು ಬದಿಯಲ್ಲಿ ಹದಿಮೂರು ಹದಿನಾಲ್ಕರ ಮಾಣಿಗಳು ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಲೋಟ ತೊಳೆಯುತ್ತ ನಿಂತರು. ಮುಂಬೈಯಲ್ಲಿ ಇಂಥ ಹುಡುಗರಿಗೆ ಕನ್ನಡ ರಾತ್ರಿ ಶಾಲೆಗಳಿದ್ದವು, ಅಲ್ಲಿ ಓದಿ ವಕೀಲರಾದವರೂ ಇದ್ದಾರೆ. ಚಿಕ್ಕ ಊರುಗಳಲ್ಲಿ ಹೋಟೆಲಿನ ಅಟ್ಟದ ಮೇಲೆ ಮಲಗುವ ಜಾಗ, ವರ್ಷಕ್ಕೊಮ್ಮೆ ಊರಿಗೆ ಹೋಗಲು ರಜೆ, ಅಷ್ಟೇ. ನಾವು ಸವಿದ ಕಾಫಿಯ ಬೆಲೆ ಕಡಿಮೆ ಇದ್ದುದಕ್ಕೆ ಒಂದು ಕಾರಣ ಆ ಹುಡುಗರ ಸಂಬಳ.

ಸರ್ಕಾರವೂ ಒಂದು ಸರಪಳಿ ಕಟ್ಟಿತು. 1971ರಲ್ಲಿ ಹುಟ್ಟಿದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳು ಅವು. ಟಿ.ಬಿ. ಡ್ಯಾಮಿನಲ್ಲಿ ಮಯೂರ ವಿಜಯನಗರ, ಕಮಲಾಪುರದಲ್ಲಿ ಮಯೂರ ಭುವನೇಶ್ವರಿ. ಬಾದಾಮಿಗೆ ಹೋದರೆ ಮಯೂರ ಚಾಲುಕ್ಯ, ವಿಜಯಪುರಕ್ಕೆ ಹೋದರೆ ಮಯೂರ ಆದಿಲ್‌ಶಾಹಿ, ಬೀದರಿನಲ್ಲಿ ಮಯೂರ ಬರೀದ್‌ಶಾಹಿ. ಶಾಲಾ ಪ್ರವಾಸದ ಮಕ್ಕಳು ಫಲಕ ಓದಿಯೇ ರಾಜವಂಶಗಳನ್ನು ಕಲಿಯಬಹುದಿತ್ತು. ಹಂಪಿ ನೋಡಲು ಬಂದವರಿಗೆ ಕಮಲಾಪುರದ ಈ ಅಂಗಳ ಬಹುಕಾಲ ಹತ್ತಿರದ ನಂಬಿಕೆಯ ಜಾಗ. ಇಂದಿಗೂ ನಡೆಯುತ್ತಿದೆ, ಆದರೆ ಪ್ರವಾಸಿಗೆ ಬೇರೆ ಆಯ್ಕೆಯೇ ಇಲ್ಲದ ಆ ಕಾಲದ ಮಹತ್ವ ಈಗ ಅದಕ್ಕಿಲ್ಲ.

ಹಂಪಿಯಲ್ಲಿ ದಾರಿಬದಿಯ ಊಟದ ಚರಿತ್ರೆ ಕಲ್ಲಿನಲ್ಲೇ ಇದೆ. ರಾಜಾಂಗಣದ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ನೀರಿನ ಕಾಲುವೆಯ ಎರಡೂ ಬದಿ ಸಾಲಾಗಿ ಕೊರೆದ ಕಲ್ಲಿನ ತಟ್ಟೆಗಳಿವೆ, ಬಟ್ಟಲಿನ ಗುಳಿಗಳ ಸಮೇತ. ಭೋಜನಶಾಲೆ ಎಂದು ಕರೆಯುತ್ತಾರೆ. ಆ ತಟ್ಟೆಗಳನ್ನು ರಕ್ಷಿಸುತ್ತೇವೆ, ಅದು ಸರಿ. ವಿರೂಪಾಕ್ಷನ ಎದುರಿನ ಬಜಾರಿನ ಮಂಟಪಗಳಲ್ಲಿ ಹೋಟೆಲು, ಅಂಗಡಿ, ಮನೆ ಮಾಡಿಕೊಂಡಿದ್ದವರ ಪಾಲಿಗೆ ಬೇರೆ ದಿನ ಕಾದಿತ್ತು. 2011ರ ಜುಲೈ 29ರಂದು ಜೆಸಿಬಿಗಳು ಬಂದವು. ಶತಮಾನಗಳ ಹಳೆಯ ಮಂಟಪಕ್ಕೆ ಸಿಮೆಂಟು ಮೆತ್ತಿ ಒಲೆ ಹಾಕುವುದನ್ನು ನಾನು ಸಮರ್ಥಿಸಲಾರೆ. ಆದರೆ ಯಾತ್ರಿಕರಿಗೆ ಉಣಬಡಿಸುವವರು ಇಲ್ಲದ ತೇರು ಬೀದಿಯನ್ನು ವಿಜಯನಗರದ ಅರಸರೂ ಕಂಡಿರಲಾರರು. ತೆರವಾದವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಹೊಳೆ ದಂಡೆಯ ಮಾವಿನ ಮರದಡಿ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿ ಊಟ ಹಾಕುತ್ತಿದ್ದ ಮ್ಯಾಂಗೋ ಟ್ರೀ ಕೂಡ ಕೆಲಕಾಲದ ಮೇಲೆ ಮರ ಬಿಟ್ಟು ಬೀದಿಗೆ ಬಂತು. ಆಚೆ ದಡದ ವಿರೂಪಾಪುರಗಡ್ಡೆಯ ಹೋಟೆಲುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ನೆಲಸಮ ಮಾಡಲಾಯಿತು.

ಬಜಾರು ಒಡೆದ ಅದೇ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಿರಿನ ಲಾರಿಗಳು ಸಂಡೂರು ಹೊಸಪೇಟೆ ರಸ್ತೆಯಲ್ಲಿ ಬಾಲ ಹಿಡಿದು ನಿಲ್ಲುತ್ತಿದ್ದ ವರ್ಷಗಳಲ್ಲಿ ರಸ್ತೆಯುದ್ದಕ್ಕೂ ಡಾಬಾ, ಚಹಾದಂಗಡಿ, ಊಟದ ಶೆಡ್ಡುಗಳು ಎದ್ದಿದ್ದವು. ಎಲೆಗಳ ಮೇಲೂ ತಟ್ಟೆಯ ಮೇಲೂ ಕೆಂಪು ಧೂಳು. ಲಾರಿ ನಿಂತಿತು, ಶೆಡ್ಡುಗಳ ಒಲೆಯೂ ಆರಿತು. ನಿರ್ಬಂಧಗಳೊಂದಿಗೆ ಗಣಿಗಳು ಮತ್ತೆ ತೆರೆದರೂ ಆ ಸಾಲು ಮೊದಲಿನಂತೆ ಮರಳಲಿಲ್ಲ, ಮರಳಬಾರದು ಕೂಡ. ಒಂದೇ ತಾರೀಖಿನಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರು ಅಂತರದ ಎರಡು ಬೀದಿಗಳು ಉಪವಾಸ ಬಿದ್ದದ್ದನ್ನು ಈ ಸೀಮೆ ಮರೆತಿದೆ.

ದಾರಿ ನಿಂತರೆ ಒಲೆಯೂ ಆರುತ್ತದೆ ಎಂಬ ಪಾಠ ಕಂಪ್ಲಿಯವರಿಗೆ ತುಂಬು ಮಳೆಗಾಲಗಳಲ್ಲಿ ಸಿಗುತ್ತದೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ರಸ್ತೆಯ ಸೇತುವೆ ಮುಳುಗುತ್ತದೆ. ಬಸ್ಸುಗಳು ಬುಕ್ಕಸಾಗರ, ಕಡೇಬಾಗಿಲು ಸುತ್ತಿ ಹೋಗುತ್ತವೆ. ಅಷ್ಟು ದಿನ ಸೇತುವೆಯ ದಾರಿಯ ಹೋಟೆಲಿಗೆ ಗಿರಾಕಿ ಇಲ್ಲ. ನೀರು ಇಳಿದರೆ ಕಂಪ್ಲಿಗೆ ಬಸ್ಸು ಮರಳುತ್ತದೆ, ಬೈಪಾಸ್ ಬಿದ್ದ ಊರಿಗೆ ಮರಳುವುದಿಲ್ಲ.

ಹೆದ್ದಾರಿ ನಾಲ್ಕು ಪಥವಾಯಿತು, ಟಿ.ಬಿ. ಡ್ಯಾಮಿನ ಬಳಿ ಗುಡ್ಡ ಕೊರೆದು ಸುರಂಗ ಬಂತು. ವಿಜಯಪುರದಿಂದ ಬೆಂಗಳೂರಿಗೆ ಹೊರಟ ಗಾಡಿ ಹೊಸಪೇಟೆಯ ಪೇಟೆ ಬೀದಿಯನ್ನು ನೋಡದೆಯೇ ದಾಟಬಹುದು. ಬೆಂಗಳೂರು ಮೈಸೂರು ನಡುವಿನ ದಶಪಥ 2023ರಲ್ಲಿ ತೆರೆದಾಗ ರಾಮನಗರ, ಚನ್ನಪಟ್ಟಣ, ಮದ್ದೂರಿನ ಹೋಟೆಲಿನವರು ಗೋಳಾಡಿದ್ದು ಪತ್ರಿಕೆಗಳಲ್ಲಿ ಬಂತು. ನಮ್ಮ ಕಡೆಯದು ಸದ್ದಿಲ್ಲದೆ ನಡೆಯಿತು. ಅದಕ್ಕೂ ಮೊದಲೇ ದರ್ಶಿನಿ ಬಂದಿತ್ತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ಈ ನಿಂತು ತಿನ್ನುವ ಪದ್ಧತಿ ಅಗ್ಗ, ಚೊಕ್ಕ, ಬೇಗ. ಸಪ್ಲೈಯರ್ ಬೇಕಿಲ್ಲ, ಮೇಜು ಬೇಕಿಲ್ಲ. ಅದು ತಂದ ಒಂದು ಒಳ್ಳೆಯದನ್ನು ಹೇಳಲೇಬೇಕು: ಮುಂದೆ ಒಲೆ ಕಾಣುತ್ತದೆ, ಯಾರ ಪಕ್ಕದಲ್ಲಿ ಯಾರು ನಿಂತರು ಎಂದು ಕೇಳುವವರಿಲ್ಲ. ಕಳೆದದ್ದು ಒಂದು ಕಾಫಿಗೆ ಅರ್ಧ ಗಂಟೆ ಕೂರುವ ಹಕ್ಕು. ನೌಕರಿ ಹುಡುಕುವವರು, ಬಸ್ಸು ತಪ್ಪಿದವರು, ಹೆಣ್ಣು ನೋಡಲು ಬಂದು ವಿಳಾಸ ಕೇಳುವವರು ಆ ಹಕ್ಕಿನ ಮೇಲೆ ಬದುಕುತ್ತಿದ್ದರು.

ಹುಡುಗರೂ ಬರುವುದು ನಿಂತಿತು. ಕರಾವಳಿಯ ಮಕ್ಕಳು ಓದಿ ಬೆಂಗಳೂರು, ದುಬೈ ಹಿಡಿದರು. ಮಾಲೀಕರ ಮಕ್ಕಳಿಗೆ ನಸುಕಿನ ಮೂರು ಗಂಟೆಯ ಒಲೆ ಬೇಡ, ಅವರಿಗೆ ಅದು ಬೇಡವೆಂದು ಅಪ್ಪಂದಿರೂ ಬಯಸಿದರು. ಬಸ್ ಸ್ಟ್ಯಾಂಡಿನ ಎದುರಿನ ಜಾಗಕ್ಕೆ ದೋಸೆ ಮಾರಿ ಗಳಿಸಲಾಗದಷ್ಟು ಬೆಲೆ ಬಂತು. ಇಂದು ಉಡುಪಿ ಎಂಬ ಫಲಕದ ಕೆಳಗೆ ದೋಸೆ ಎರೆಯುವ ಕೈ ಒಡಿಶಾದ್ದೋ ಅಸ್ಸಾಮಿನದೋ ನೇಪಾಳದ್ದೋ ಆಗಿರುವುದು ಸಾಮಾನ್ಯ. ಹಿಂದೆ ಉಡುಪಿಯ ಮಾಣಿ ಭಾಷೆ ಬದಲಿಸಿಕೊಂಡು ಬಾಳಿದ ಹಾಗೆ ಇವರೂ ಈಗ ಬಳ್ಳಾರಿ ಕನ್ನಡ ಕಲಿಯುತ್ತಿದ್ದಾರೆ.

ಒಂದು ಕಂಪನಿ ಮುಚ್ಚಿದರೆ ಅದರ ಕಡತ ಉಳಿಯುತ್ತದೆ. ಒಡೆಯನಿಲ್ಲದ ಸರಪಳಿಗೆ ಕಡತವೂ ಇಲ್ಲ. ಹೊಸಪೇಟೆಗೆ ಮೊದಲ ಒರಳು ಹೊತ್ತು ತಂದವರು ಯಾರು, ಸಾಲ ಕೊಟ್ಟವರು ಯಾರು, ಬೇರೆ ಪಂಕ್ತಿ ತೆಗೆದು ಹಾಕಿದ ದಿನ ಏನಾಯಿತು ಎಂಬುದು ಗೆಜೆಟಿಯರಿನ ಪುಟಗಳಲ್ಲಿ ಸಿಗುವುದಿಲ್ಲ. 1974ರ ನಂತರ ಘಟ್ಟ ಹತ್ತಿದ ಹದಿನಾಲ್ಕರ ಹುಡುಗನಿಗೆ ಈಗ ಅರವತ್ತು ದಾಟಿದೆ. ಜನರ ಬಾಯಿಂದ ಚರಿತ್ರೆ ಕೇಳಿ ಬರೆಯುವುದನ್ನೇ ಕಸುಬಾಗಿ ಕಲಿಸುವ ಕನ್ನಡ ವಿಶ್ವವಿದ್ಯಾಲಯ, 1991ರಲ್ಲಿ ಹುಟ್ಟಿದ್ದು, ಕಮಲಾಪುರದ ಪಕ್ಕದಲ್ಲೇ ಇದೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ಚರಿತ್ರೆ ಈಗಷ್ಟೇ ಬರೆಯಬೇಕಾಗಿದೆ. ವಿದ್ಯಾರ್ಥಿಗಳು ಪೇಟೆಗೆ ಬಂದು ಗಲ್ಲಾದಲ್ಲಿ ಕೂತವರನ್ನಷ್ಟೇ ಮಾತಾಡಿಸಿ ಹಿಂದಿರುಗಬಾರದು. ರುಬ್ಬಿದವರನ್ನು, ಲೋಟ ತೊಳೆದವರನ್ನು, ಬಾಗಿಲ ಹೊರಗೆ ನಿಂತು ಕಾಫಿ ಕುಡಿದವರ ಮಕ್ಕಳನ್ನು, ಫ್ಯಾಮಿಲಿ ರೂಮಿನಲ್ಲಿ ಮೊದಲ ಸಲ ಕೂತ ಅಜ್ಜಿಯರನ್ನು ಹುಡುಕಬೇಕು. ಹಂಪಿ ಬಜಾರಿನಿಂದ ಕಡ್ಡಿರಾಂಪುರಕ್ಕೆ ಹೋದವರ ಮನೆಗಳಿಂದ ಶುರು ಮಾಡಿದರೆ ಅರ್ಧ ಕೆಲಸ ನಡೆದು ಹೋಗುವಷ್ಟು ಹತ್ತಿರದಲ್ಲೇ ಆಗುತ್ತದೆ.